ಬಿಸಿಎ ಮುಗೀತು: ಎಂಸಿಎ, ವಿಪ್ರೋ ವಿಲ್ಪ್, ಅಪ್ರೆಂಟಿಸ್‌ಶಿಪ್, ಯಾವುದು?

ದುಡ್ಡಿನ ಲೆಕ್ಕದಲ್ಲಿ ಎಂಸಿಎ ಭಾರ. ಎರಡು ವರ್ಷ ಫೀಸು ಕಟ್ಟಬೇಕು, ಸಂಬಳ ಇಲ್ಲ. ಐಟಿ ಕಂಪನಿ ವಿಪ್ರೋದ ವಿಲ್ಪ್ ಯೋಜನೆಯಲ್ಲಿ ಕೆಲಸ ಮಾಡುತ್ತಲೇ ಎಂಟೆಕ್ ಓದಬಹುದು. ಖರ್ಚು ಕಂಪನಿಯದು, ಜೊತೆಗೆ ಸ್ಟೈಪೆಂಡ್. ಕೇಂದ್ರ ಸರ್ಕಾರದ ಕೆಲಸ ಕಲಿಕೆ ಯೋಜನೆಯಾದ ನ್ಯಾಟ್ಸ್ ಅಪ್ರೆಂಟಿಸ್‌ಶಿಪ್‌ನಲ್ಲೂ ಸ್ಟೈಪೆಂಡ್ ಇದೆ, ಆದರೆ ಹೊಸ ಡಿಗ್ರಿ ಇಲ್ಲ.

ಕಟ್ಟುಪಾಡು ನೋಡಿ, ಜಾಸ್ತಿ ಜನ ಗಮನಿಸದೇ ಇರುವುದು ಇದನ್ನೇ. ವಿಲ್ಪ್‌ಗೆ 60 ತಿಂಗಳ ಒಪ್ಪಂದ. 22ನೇ ವಯಸ್ಸಿಗೆ ಅದು ಸಣ್ಣ ಮಾತಲ್ಲ, ಅಲ್ವಾ? ಸಹಿ ಹಾಕುವ ಮೊದಲು ಪೂರ್ತಿ ಓದಿ. ಅಪ್ರೆಂಟಿಸ್‌ಶಿಪ್ ಸಾಮಾನ್ಯವಾಗಿ ಒಂದು ವರ್ಷ. ಆಮೇಲೆ ಕೆಲಸ ಕೊಡಲೇಬೇಕೆಂದು 1961ರ ಅಪ್ರೆಂಟಿಸ್ ಕಾಯ್ದೆ ಕಂಪನಿಯನ್ನು ಕಟ್ಟಿಹಾಕುವುದಿಲ್ಲ.

ಮನೆಗೆ ಈಗಲೇ ದುಡ್ಡು ಬೇಕು, ಒಂದೇ ಕಡೆ ನಿಲ್ಲುವ ತಾಳ್ಮೆಯೂ ಇದೆ ಎಂದರೆ ವಿಲ್ಪ್. ಯಾವ ಕೆಲಸ ಒಗ್ಗುತ್ತದೋ ಗೊತ್ತಿಲ್ಲದವರಿಗೆ ಅಪ್ರೆಂಟಿಸ್‌ಶಿಪ್. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿಯಲ್ಲಿ ಸರ್ಕಾರಿ ಸೀಟು ಸಿಕ್ಕರೆ ಎಂಸಿಎ ಬಿಡಬೇಡಿ. ಆದರೆ ಕ್ಯಾಂಪಸ್‌ಗೆ ಯಾವ ಕಂಪನಿಗಳು ಬರುತ್ತವೆ ಎಂದು ಸೀನಿಯರ್‌ಗಳನ್ನು ಕೇಳಿ, ಕಾಲೇಜಿನ ಜಾಹೀರಾತು ನಂಬಬೇಡಿ.