ಹದಿನೇಳರ ಹುಡುಗನ ನಾಳೆಯನ್ನು ಅಳೆಯುವ ಆಟ: ಈಸ್ಟ್‌ಸೈಡ್ ಹಾಕಿ ಮ್ಯಾನೇಜರ್

ದಾವಣಗೆರೆಯ ಬಿಸಿಲಿನಲ್ಲಿ ಕುಳಿತು ಐಸ್ ಹಾಕಿಯ ಗೇಮ್ ಬಗ್ಗೆ ಬರೆಯುವುದಕ್ಕೆ ಕಾರಣವಿದೆ. ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕ. ವರ್ಷವರ್ಷವೂ ತಾಲ್ಲೂಕು ಕ್ರೀಡಾಕೂಟಕ್ಕೆ ಕಬಡ್ಡಿ ತಂಡ ಕಟ್ಟುತ್ತೇನೆ. ಎಂಟನೇ ತರಗತಿಯ ಮಕ್ಕಳು ಸಾಲಾಗಿ ನಿಂತಾಗ ಈ ವರ್ಷ ಯಾರು ಗೆಲ್ಲಿಸುತ್ತಾರೆ ಎಂಬುದು ಒಂದು ಲೆಕ್ಕ. ಮುಂದೆ ಯಾರು ದೊಡ್ಡ ಆಟಗಾರರಾಗುತ್ತಾರೆ ಎಂಬುದು ಬೇರೆಯೇ ಲೆಕ್ಕ. ಇವೆರಡನ್ನೂ ಬೇರ್ಪಡಿಸಿ ನೋಡುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಮತ್ತೊಂದು ಸಾಧನ ನನಗೆ ಸಿಕ್ಕಿಲ್ಲ. ನನ್ನ ಮಗ ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟ ಗೇಮ್ ಇದು.

ಫಿನ್‌ಲೆಂಡಿನ ರಿಸ್ಟೊ ರೆಮೆಸ್ ಮೊದಲು ಉಚಿತವಾಗಿ ಹಂಚುತ್ತಿದ್ದ ಆಟವನ್ನು ಆಮೇಲೆ ಸ್ಪೋರ್ಟ್ಸ್ ಇಂಟರಾಕ್ಟಿವ್ ಕೈಗೆತ್ತಿಕೊಂಡಿತು, ಫುಟ್‌ಬಾಲ್ ಮ್ಯಾನೇಜರ್ ಮಾಡಿದ ಅದೇ ಬ್ರಿಟಿಷ್ ಸಂಸ್ಥೆ. ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ಗೆ ಬಂದ ಆವೃತ್ತಿ 2015ರದು. ಇದರಲ್ಲಿ ನೀವು ಸ್ಟಿಕ್ ಹಿಡಿದು ಓಡುವುದಿಲ್ಲ, ತಂಡದ ವ್ಯವಸ್ಥಾಪಕರಾಗಿ ಕೂರುತ್ತೀರಿ. ತೆರೆಯ ತುಂಬ ಹೆಸರು, ಅಂಕಿ, ವರದಿ. ಚಿತ್ರವೈಭವ ಬಯಸುವವರಿಗೆ ಇದು ಹಿಡಿಸುವುದಿಲ್ಲ.

ಆಟದ ಜೀವಾಳ ಡ್ರಾಫ್ಟ್. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಈಗ 32 ತಂಡಗಳಿವೆ. ಪ್ರತಿ ವರ್ಷ 7 ಸುತ್ತುಗಳಲ್ಲಿ ಹದಿನೆಂಟರ ಆಸುಪಾಸಿನ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಅದಕ್ಕೆ ಮುಂಚೆ ನೀವು ಸ್ಕೌಟ್‌ಗಳನ್ನು, ಅಂದರೆ ಪ್ರತಿಭೆ ಹುಡುಕುವವರನ್ನು, ಕೆನಡಾ, ಸ್ವೀಡನ್, ರಷ್ಯಾ ಎಂದು ಊರೂರಿಗೆ ಅಟ್ಟಿ ವರದಿ ತರಿಸಿಕೊಳ್ಳಬೇಕು. ಸ್ಕೌಟ್‌ಗೂ ಗುಣಾಂಕಗಳಿವೆ: ಇಂದಿನ ಆಟವನ್ನು ಅಳೆಯುವ ಕಣ್ಣು ಒಂದು, ನಾಳೆಯ ಸಾಧ್ಯತೆಯನ್ನು ಕಾಣುವ ಕಣ್ಣು ಇನ್ನೊಂದು. ಒಬ್ಬರಲ್ಲಿ ಎರಡೂ ಚುರುಕಾಗಿರುವುದು ಅಪರೂಪ. ಮೈದಾನದಲ್ಲಿ ಕೆಲಸ ಮಾಡಿದ ಯಾರಿಗಾದರೂ ಇದು ಎಷ್ಟು ನಿಜವೆಂದು ಗೊತ್ತು.

ಒಂದು ಸೀಸನ್ನಿನಲ್ಲಿ ನನ್ನ ಮುಂದೆ ಇಬ್ಬರು ಫಾರ್ವರ್ಡ್‌ಗಳು, ಅಂದರೆ ಮುಂಚೂಣಿ ಆಟಗಾರರು, ಇದ್ದರು, ಇಬ್ಬರಿಗೂ ಹದಿನೇಳು. ಗುಣಗಳನ್ನು 1ರಿಂದ 20ರವರೆಗೆ ಅಳೆಯುತ್ತಾರೆ. ಮೊದಲನೆಯವನು ಬದಿಯಲ್ಲಿ ಆಡುವ ವಿಂಗರ್: ವೇಗ 16, ಮಣಿಕಟ್ಟಿನ ಹೊಡೆತ 16, ಎತ್ತರವೂ ಇದೆ, ಗೋಲುಗಳ ರಾಶಿಯೇ ಇದೆ. ಆದರೆ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ತನ್ನ ಬಳಿ ಇಲ್ಲದಾಗಿನ ಚಲನೆ 7, ದುಡಿಮೆ 8. ಎರಡನೆಯವನು ನಡುವೆ ಆಡುವ ಸೆಂಟರ್: ಹೊಡೆತ ಬರೀ 10, ಮೈಬಲ ಅದಕ್ಕೂ ಕಡಿಮೆ. ಮುಂಗಾಣ್ಕೆ ಮಾತ್ರ 15, ಛಲ 17. ಗೋಲುಪಟ್ಟಿ ನೋಡಿದವರು ಕಣ್ಣುಮುಚ್ಚಿ ಮೊದಲನೆಯವನನ್ನು ಆರಿಸುತ್ತಾರೆ. ನಾನು ಸೆಂಟರ್‌ನನ್ನು ತೆಗೆದುಕೊಂಡೆ. ಸಮವಯಸ್ಕರ ನಡುವೆ ಮೈಬಲದಿಂದ ಬಂದ ಗೋಲು, ದೊಡ್ಡವರ ಲೀಗ್‌ನಲ್ಲಿ ಎಲ್ಲರೂ ಅಷ್ಟೇ ಬಲಶಾಲಿಗಳಾದ ಕೂಡಲೇ ನಿಂತುಹೋಗುತ್ತದೆ. ಅಲ್ಲಿ ಫಾರ್ವರ್ಡ್ ಒಮ್ಮೆಗೆ ರಿಂಕ್‌ನಲ್ಲಿ, ಅಂದರೆ ಐಸ್ ಅಂಕಣದಲ್ಲಿ, ಇರುವುದೇ ಮುಕ್ಕಾಲು ನಿಮಿಷದ ಆಸುಪಾಸು. ಅಷ್ಟರಲ್ಲಿ ಪಕ್ ಅವನ ಕೋಲಿನಲ್ಲಿರುವುದು ಕೆಲವೇ ಕ್ಷಣ. ಮಿಕ್ಕ ಹೊತ್ತು ಎಲ್ಲಿ ನಿಲ್ಲುತ್ತಾನೆ, ಪಕ್ ತಲುಪುವ ಮುನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಾನೆಯೇ ಎಂಬುದರಲ್ಲೇ ಅವನ ಭವಿಷ್ಯವಿದೆ.

ಕಬಡ್ಡಿಯಲ್ಲೂ ನಾನು ನೋಡುವುದು ಇದನ್ನೇ. ರೈಡ್‌ಗೆ ಹೋದ ಹುಡುಗಿ ಬೋನಸ್ ಗೆರೆಯನ್ನು ಕಣ್ಣಿನಿಂದ ಹುಡುಕುತ್ತಾಳೋ, ಅಥವಾ ಕಾರ್ನರ್‌ನಲ್ಲಿ ನಿಂತವಳ ಮೊಣಕಾಲಿನ ಮೇಲೇ ನೋಟ ನೆಟ್ಟು ಕಾಲನ್ನು ತಾನಾಗಿಯೇ ಗೆರೆ ದಾಟಿಸುತ್ತಾಳೋ? ಎರಡನೆಯ ಬಗೆಯವಳು ಇವತ್ತು ಸಿಕ್ಕಿಬಿದ್ದರೂ ನಾನು ಕೈಬಿಡುವುದಿಲ್ಲ.

ಗೇಮ್‌ನೊಂದಿಗೆ ನನ್ನ ತಕರಾರಿರುವುದು ಒಂದು ಮೂಲಭೂತ ವಿಷಯದಲ್ಲಿ. ಪ್ರತಿಯೊಬ್ಬ ಆಟಗಾರನಿಗೂ ಒಳಗೆ 200ರ ಪ್ರಮಾಣದಲ್ಲಿ ಎರಡು ಅಂಕಿಗಳಿವೆ: ಈಗಿನ ಸಾಮರ್ಥ್ಯ, ಗರಿಷ್ಠ ಸಾಧ್ಯತೆ. ಎರಡನೆಯದು ಆಟದ ಆರಂಭದಲ್ಲೇ ನಿಗದಿಯಾಗಿರುತ್ತದೆ. ನೀವು ಎಂಥ ತರಬೇತುದಾರನನ್ನು ತಂದರೂ ಹುಡುಗ ಆ ಅಂಕಿಯನ್ನು ಮೀರುವುದಿಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಮಾತನ್ನು ಗಣಿತ ಮಾಡಿಟ್ಟಂತಾಯಿತು. ನಾನು ಇದನ್ನು ಒಪ್ಪಲಾರೆ. ಐಸ್ ಹಾಕಿಯ ಚರಿತ್ರೆಯೂ ಇದಕ್ಕೆ ಸುಲಭವಾಗಿ ತಲೆಬಾಗುವುದಿಲ್ಲ. ಪಾವೆಲ್ ಡಾಟ್ಸ್ಯುಕ್ ಅವರನ್ನು ಡೆಟ್ರಾಯ್ಟ್ ತಂಡ 1998ರಲ್ಲಿ ಆರಿಸಿದ್ದು 171ನೆಯವರಾಗಿ. ಮುಂದೆ ಲೀಗ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಅನ್ನು ಎರಡು ಸಲ ಗೆದ್ದರು. ಐದಡಿ ಎಂಟಂಗುಲದ ಮಾರ್ಟಿನ್ ಸೇಂಟ್ ಲೂಯಿ ಅವರನ್ನು ಯಾವ ತಂಡವೂ ಡ್ರಾಫ್ಟ್‌ನಲ್ಲಿ ಆರಿಸಲೇ ಇಲ್ಲ. 2004ರಲ್ಲಿ ಅವರು ಲೀಗ್‌ನ ಅತ್ಯುತ್ತಮ ಆಟಗಾರರಾದರು. 1993ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಅಲೆಕ್ಸಾಂಡ್ರ್ ಡೇಗ್ಲ್ ಅವರಿಂದ ನಿರೀಕ್ಷಿಸಿದ್ದು ಬರಲಿಲ್ಲ. ಎರಡನೆಯವರಾಗಿ ಆಯ್ಕೆಯಾದ ಕ್ರಿಸ್ ಪ್ರಾಂಗರ್ ಹಾಕಿಯ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಆ ಹುಡುಗರೊಳಗೆ ಮೊದಲೇ ಒಂದು ಅಂಕಿ ಅಡಗಿತ್ತು ಎಂದು ಯಾರಾದರೂ ವಾದಿಸಬಹುದು. ಹದಿನೇಳರಲ್ಲಿ ಸುಮಾರಾಗಿದ್ದು ಒಳ್ಳೆಯ ಗುರು, ಹೊಟ್ಟೆತುಂಬ ಊಟ, ಕಟ್ಟುನಿಟ್ಟಿನ ಅಭ್ಯಾಸ ಸಿಕ್ಕ ಮೇಲೆ ಬೇರೆಯೇ ಆಳಾಗಿ ಎದ್ದುನಿಂತ ಕುಸ್ತಿ ಹುಡುಗರನ್ನು ಈ ಊರಿನ ಗರಡಿಗಳಲ್ಲಿ ನೋಡಿದ ನಾನು ಹಾಗೆ ವಾದಿಸಲಾರೆ. ದುಗ್ಗಮ್ಮನ ಜಾತ್ರೆಯ ಅಖಾಡದ ಸುತ್ತ ನಿಂತವರನ್ನು ಕೇಳಿ, ಅವರೂ ಅದನ್ನೇ ಹೇಳುತ್ತಾರೆ.

ಅಡಗಿಸಿಟ್ಟ ಇತರ ಗುಣಗಳ ವಿಷಯದಲ್ಲಿ ಮಾತ್ರ ಗೇಮ್ ಬಹಳ ಪ್ರಾಮಾಣಿಕ. ಸ್ಥಿರತೆ, ಒತ್ತಡ ತಾಳುವ ಶಕ್ತಿ, ವೃತ್ತಿನಿಷ್ಠೆ, ಗಾಯಗೊಳ್ಳುವ ಪ್ರವೃತ್ತಿ, ಇವು ನೇರವಾಗಿ ಕಾಣುವುದಿಲ್ಲ. ವರದಿಯ ಸಾಲುಗಳ ನಡುವೆ, ವರ್ಷಗಟ್ಟಲೆಯ ಆಟದಲ್ಲಿ ಹುಡುಕಿಕೊಳ್ಳಬೇಕು. ಗೇಮ್ ಶುರುಮಾಡುವಾಗ ಗುಣಾಂಕಗಳನ್ನು ಮರೆಮಾಚುವ ಆಯ್ಕೆಯನ್ನು ಖಂಡಿತ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸ್ಕೌಟ್‌ಗಳಿಗೆ ಕೆಲಸವೇ ಉಳಿಯುವುದಿಲ್ಲ.

ಆಟಗಾರನ ಪುಟದಲ್ಲಿ ಹುಟ್ಟಿದ ದಿನಾಂಕವೂ ಇರುತ್ತದೆ. ಅದನ್ನು ನೋಡದೆ ಮುಂದಕ್ಕೆ ಹೋಗಬೇಡಿ. ಸೆಪ್ಟೆಂಬರ್ 15ರೊಳಗೆ ಹದಿನೆಂಟು ತುಂಬಿದವರು ಆ ವರ್ಷದ ಡ್ರಾಫ್ಟ್‌ಗೆ ಅರ್ಹರು. ಮರುದಿನ ಹುಟ್ಟಿದವನು ಒಂದು ವರ್ಷ ಕಾಯಬೇಕು. ಕೆನಡಾದ ಕಿರಿಯರ ಹಾಕಿಯಲ್ಲಿ ವಯೋಮಿತಿ ಕ್ಯಾಲೆಂಡರ್ ವರ್ಷದ ಪ್ರಕಾರ ಇರುವುದರಿಂದ ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರೇ ಆಯ್ಕೆಯಲ್ಲಿ ಹೆಚ್ಚಿರುತ್ತಾರೆ ಎಂದು ಮನಶ್ಶಾಸ್ತ್ರಜ್ಞ ರಾಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲೇ ತೋರಿಸಿದ್ದರು. ಡಿಸೆಂಬರಿನ ಮಗುವಿಗಿಂತ ಅವರು ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವರು; ಆ ದೊಡ್ಡತನವನ್ನೇ ಪ್ರತಿಭೆ ಎಂದು ಓದಿಬಿಡುತ್ತಾರೆ. ನಮ್ಮಲ್ಲಿ ಈ ಲೆಕ್ಕ ಹಾಕುವುದೇ ಕಷ್ಟವಿತ್ತು, ಏಕೆಂದರೆ ಶಾಲಾ ದಾಖಲಾತಿಯಲ್ಲಿ ಎಷ್ಟೋ ಮಕ್ಕಳ ಜನ್ಮದಿನ ಜೂನ್ 1 ಎಂದೇ ಇರುತ್ತಿತ್ತು. ಈಗ ಜನನ ಪ್ರಮಾಣಪತ್ರ ಬಂದ ಮೇಲೆ ನಾನು ಆಯ್ಕೆಯ ದಿನ ಹೆಸರಿನ ಪಕ್ಕದಲ್ಲಿ ತಿಂಗಳನ್ನೂ ಬರೆದುಕೊಳ್ಳುತ್ತೇನೆ. ವರ್ಷದ ಕೊನೆಯಲ್ಲಿ ಹುಟ್ಟಿದ ಸಣ್ಣ ಮಗು ಗುಂಪಿನ ನಡುವೆ ತಲೆ ಎತ್ತಿ ಆಡುತ್ತಿದ್ದರೆ ಅದಕ್ಕೆ ಇನ್ನೊಂದು ಅವಕಾಶ ಕೊಡುತ್ತೇನೆ.

ಕೊಳ್ಳುವವರಿಗೆ ಎರಡು ಮಾತು. ವಿಂಡೋಸ್ ಇರುವ ಸಾಧಾರಣ ಕಂಪ್ಯೂಟರ್ ಸಾಕು. ಇಂಗ್ಲಿಷ್ ಸರಾಗವಾಗಿ ಓದಲು ಬರಬೇಕು, ಮೊದಲ ವಾರ ತಾಳ್ಮೆಯೂ ಬೇಕು. ಗೇಮ್‌ನೊಂದಿಗೆ ಬರುವ ತಂಡಗಳ ಪಟ್ಟಿ ಹತ್ತು ವರ್ಷ ಹಳೆಯದು, ಆದರೆ ಅಭಿಮಾನಿಗಳು ಹೊಸ ಪಟ್ಟಿಗಳನ್ನು ತಯಾರಿಸಿ ಉಚಿತವಾಗಿ ಹಂಚುತ್ತಾರೆ. ಅದನ್ನು ಹಾಕಿಕೊಂಡೇ ಶುರುಮಾಡಿ. ಮೂಲ ಫೈಲುಗಳ ಒಂದು ನಕಲನ್ನು ಬೇರೆ ಕಡೆ ತೆಗೆದಿಟ್ಟಿರಿ.