ವಿಜಯಪುರದಿಂದ ಲೇಹ್‌ಗೆ ರೀಬಿಲ್ಡ್ ಜಿಪ್ಸಿ: ಪೇಂಟ್ ನೋಡಿ ಮರುಳಾಗಬೇಡಿ, ಕಿಂಗ್‌ಪಿನ್ ನೋಡಿ

65–70 ಕಿ.ಮೀ. ವೇಗದಲ್ಲಿ ಹೋಗುವಾಗ ಸಣ್ಣ ಗುಂಡಿಯೊಂದು ಸಿಕ್ಕರೂ ಸಾಕು, ಸ್ಟೇರಿಂಗ್ ಗಡಗಡ ನಡುಗಲು ಶುರುವಾಗುತ್ತದೆ. ವೇಗ 40ಕ್ಕೆ ಇಳಿಯುವ ತನಕ ನಿಲ್ಲುವುದಿಲ್ಲ. ಹೊಸ ಪೇಂಟ್, ಹೊಸ ಹುಡ್, ಬೋರ್ ಮಾಡಿಸಿದ ಎಂಜಿನ್ ಎಲ್ಲ ಇದ್ದ ಗಾಡಿಯಲ್ಲೇ ಈ ಕಾಟ. ಸೊಲ್ಲಾಪುರದ ಚತುಷ್ಪಥದಲ್ಲಿ ಇದು ಬರೀ ಕಿರಿಕಿರಿ, ಮನಾಲಿ–ಲೇಹ್ ದಾರಿಯ ಬಾರಾಲಾಚಾ ಘಟ್ಟದಿಂದ ಇಳಿಯುವಾಗ ಜೀವಕ್ಕೇ ಸಂಚಕಾರ. ಹಾಗಾಗಿ ಮೊದಲು ಇದನ್ನೇ ಬರೆಯುತ್ತೇನೆ.

ಗಾಡಿ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಸಿಂಪಡಿಸುವ) ಎಂಜಿನ್ನಿನ ಜಿಪ್ಸಿ ಕಿಂಗ್, ಸೇನೆಯ ಹರಾಜಿನಿಂದ ಬಂದದ್ದು. ರೀಬಿಲ್ಡ್ ಮಾಡಿದ ಗ್ಯಾರೇಜಿನವರು ನಡುಕಕ್ಕೆ ಮಾಡಿದ ಮದ್ದು ಮೂರು: ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, ಹೊಸ ಸ್ಟೇರಿಂಗ್ ಡ್ಯಾಂಪರ್. ಹೊಸ ಡ್ಯಾಂಪರ್ ಹಾಕಿದರೆ ನಡುಕ ಕೆಲವು ಸಾವಿರ ಕಿ.ಮೀ. ಅಡಗಿ ಕೂರುತ್ತದೆ, ಆಮೇಲೆ ಮೊದಲಿಗಿಂತ ಜೋರಾಗಿ ಬರುತ್ತದೆ. ಮೂಲ ಇರುವುದು ಮುಂದಿನ ಆಕ್ಸಲ್‌ನ ಎರಡೂ ತುದಿಯ ನಕಲ್‌ನೊಳಗೆ, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಗಾಲಿಯನ್ನು ಹೊತ್ತು ತಿರುಗುವ ಗಂಟಿನೊಳಗೆ. ಆ ಗಂಟು ತಿರುಗುವ ಗೂಟವೇ ಕಿಂಗ್‌ಪಿನ್, ಅದಕ್ಕೆ ಮೇಲೊಂದು ಕೆಳಗೊಂದು ಬೇರಿಂಗ್ ಇರುತ್ತದೆ. ಹಳೆಯ ಬೇರಿಂಗ್ ತೊಳೆದು, ಗ್ರೀಸ್ ತುಂಬಿ, ಮೊದಲಿದ್ದ ಶಿಮ್‌ಗಳನ್ನೇ (ಬಿಗಿ ಹೊಂದಿಸುವ ತೆಳು ತಗಡುಗಳನ್ನೇ) ಇಟ್ಟು ಮುಚ್ಚಿದರೆ ಬಿಗಿ ಉಳಿಯುವುದಿಲ್ಲ.

ಪರೀಕ್ಷೆ ಸುಲಭ. ಮುಂದಿನ ಆಕ್ಸಲ್ ಜಾಕ್ ಮೇಲೆ ಎತ್ತಿ, ಗಾಲಿಯನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಆಟ ಸಿಕ್ಕರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಗ ಆಟ ಮಾಯವಾದರೆ ವೀಲ್ ಬೇರಿಂಗ್ ಸಡಿಲ, ಹಾಗೇ ಉಳಿದರೆ ಕಿಂಗ್‌ಪಿನ್. ಎಡ-ಬಲ ಹಿಡಿದಾಗ ಮಾತ್ರ ಆಟ ಸಿಕ್ಕರೆ ಎರಡೂ ಗಾಲಿ ಜೋಡಿಸುವ ಸ್ಟೇರಿಂಗ್ ಸರಳಿನ ತುದಿ, ಅಂದರೆ ಟೈ ರಾಡ್ ಎಂಡ್ ನೋಡಬೇಕು. ಕಿಂಗ್‌ಪಿನ್ನೇ ಆಗಿದ್ದರೆ ಎರಡೂ ಬದಿಯ ನಾಲ್ಕೂ ಬೇರಿಂಗ್ ಹೊಸದು ಹಾಕಿಸಿ. ಒಂದೇ ಬದಿ ಮಾಡಿಸಿದರೆ ದುಡ್ಡು ದಂಡ. ನಂತರ ಟೈ ರಾಡ್ ಬಿಚ್ಚಿ, ಆಯಿಲ್ ಸೀಲ್ ಹಾಕುವ ಮೊದಲು, ನಕಲ್ ಆರ್ಮ್‌ನ ತುದಿಗೆ ತೂಕದ ಸ್ಪ್ರಿಂಗ್ ಕಾಟಾ ಸಿಕ್ಕಿಸಿ ಎಳೆಯಬೇಕು. ಒಂದರಿಂದ ಎರಡು ಕಿಲೋ ಒಳಗೆ ನಕಲ್ ತಿರುಗಲು ಶುರುವಾಗಬೇಕು. ಅದಕ್ಕೂ ಸಡಿಲವಾಗಿ ತಿರುಗಿದರೆ ಶಿಮ್ ತೆಗೆಯಬೇಕು, ಬಿಗಿಯಾದರೆ ಸೇರಿಸಬೇಕು. ಈ ಕಾಟಾ ಕೆಲಸಕ್ಕೆ ಒಂದು ಗಂಟೆಯೂ ಬೇಡ. ಕೈ ಅಂದಾಜಿನಲ್ಲಿ ಬಿಗಿ ಮಾಡುವ ಮಿಸ್ತ್ರಿ ಎಷ್ಟೇ ಅನುಭವಸ್ಥರಾದರೂ ಇದನ್ನು ಅವರೆದುರು ನಿಂತು ಮಾಡಿಸಿ. ಚಾಸಿಗೆ ಕೊಡುವ ಹೊಳಪಿನ ಕಾಲು ಭಾಗ ಗಮನವನ್ನು ಇಲ್ಲಿಗೆ ಕೊಟ್ಟಿದ್ದರೆ ಈ ದೂರು ಬರೆಯುವ ಅಗತ್ಯವೇ ಇರಲಿಲ್ಲ. ಇಷ್ಟು ಮುಖ್ಯವಾದ ಜಾಗವನ್ನು ಕಣ್ಣಿಗೆ ಕಾಣುವುದಿಲ್ಲ ಎಂದು ಬಿಡುವುದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ದಾರಿಯ ವಿಷಯದಲ್ಲಿ ನಮ್ಮೂರಿನವರಿಗೆ ಅನುಕೂಲವಿದೆ. ರಾಷ್ಟ್ರೀಯ ಹೆದ್ದಾರಿ 52 ವಿಜಯಪುರದಿಂದ ಸೊಲ್ಲಾಪುರ, ಬೀಡ್, ಧುಳೆ, ಇಂದೋರ್, ಕೋಟಾ, ಜೈಪುರ, ಸೀಕರ್, ಹಿಸಾರ್ ಮೂಲಕ ಪಂಜಾಬಿನ ಸಂಗ್ರೂರ್ ತನಕ ಹೋಗುತ್ತದೆ. ಹಳೆಯ ಗಾಡಿಗಳಿಗೆ ನಿರ್ಬಂಧ ಇರುವ ದೆಹಲಿ ನಗರವನ್ನು ಹೊಗುವ ತಂಟೆಯೂ ತಪ್ಪುತ್ತದೆ. ಆದರೆ ಈ ಸಪಾಟು ರಸ್ತೆಯಲ್ಲಿ ಗಾಡಿಯ ನಿಜವಾದ ಗುಣ ತಿಳಿಯುವುದಿಲ್ಲ. ಹೊರಡುವ ಮುಂಚೆ ಪೂರ್ತಿ ಸಾಮಾನು ಹೇರಿಕೊಂಡು ಬೆಳಗಾವಿ ಆಚೆಯ ಚೋರ್ಲಾ ಘಾಟ್ ಇಳಿದು ಹತ್ತಿ. ಏಪ್ರಿಲ್ ಬಿಸಿಲಲ್ಲಿ ಅಲ್ಲಿ ಟೆಂಪರೇಚರ್ ಮುಳ್ಳು ಕದಲದಿದ್ದರೆ ರೇಡಿಯೇಟರ್ ಬಗ್ಗೆ ನಿಶ್ಚಿಂತೆಯಿಂದಿರಬಹುದು.

ಘಟ್ಟದ ಮೇಲೆ ರೇಡಿಯೇಟರ್ ಮುಚ್ಚಳಕ್ಕೆ ಬೆಲೆ ಬರುತ್ತದೆ. 5,300 ಮೀಟರ್ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಹಿಡಿಯುವ ಒಳ್ಳೆಯ ಮುಚ್ಚಳ ಇದ್ದರೆ ಅದೇ ನೀರು ಸುಮಾರು 110 ಡಿಗ್ರಿ ತನಕ ತಡೆಯುತ್ತದೆ, ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದರೆ ಇನ್ನೂ ಹೆಚ್ಚು. ಸ್ಪ್ರಿಂಗ್ ಸತ್ತ ಹಳೆಯ ಮುಚ್ಚಳ ಊರಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಲೇಹ್ ದಾರಿಯ ತಂಗ್ಲಾಂಗ್ ಲಾ ಘಟ್ಟ ಏರುವಾಗ ಅದೊಂದೇ ಸಾಕು ಗಾಡಿ ನಿಲ್ಲಿಸಲು. ಹೊಸದಕ್ಕೆ ಆಗುವ ಖರ್ಚು ಲೆಕ್ಕಕ್ಕೆ ಇಡುವಷ್ಟೂ ಇಲ್ಲ.

ಇನ್ನು ಈ ಗಾಡಿಯ ಮೇಲೆ ನನಗೆ ಪ್ರೀತಿ ಹುಟ್ಟಿಸಿದ ವಿಷಯಕ್ಕೆ ಬರುತ್ತೇನೆ. ತಂಗ್ಲಾಂಗ್ ಲಾ 5,328 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಟರ್ಬೊ ಇಲ್ಲದ 80 ಅಶ್ವಶಕ್ತಿಯ ಎಂಜಿನ್ ನಲವತ್ತರ ಆಸುಪಾಸಿಗೆ ಇಳಿಯುತ್ತದೆ. ಕಾರ್ಬ್ಯುರೇಟರ್ ಇದ್ದರೆ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಉಗುಳುತ್ತಿತ್ತು. ಎಂಪಿಎಫ್‌ಐನಲ್ಲಿ ಮ್ಯಾಪ್ ಸೆನ್ಸರ್ ಒತ್ತಡ ಅಳೆದು ಪೆಟ್ರೋಲ್ ತಾನೇ ಕಡಿಮೆ ಮಾಡುತ್ತದೆ, ಐಡ್ಲಿಂಗ್ ಸ್ವಲ್ಪವೂ ಕೆಡುವುದಿಲ್ಲ. ಶಕ್ತಿಯ ಕೊರತೆಗೆ ಉಪಾಯ ಇರುವುದು ಹಬ್‌ಗಳಲ್ಲಿ. ಮುಂದಿನ ಗಾಲಿಗಳನ್ನು ಆಕ್ಸಲ್ ಶಾಫ್ಟಿನಿಂದ ಬಿಡಿಸಬಲ್ಲ, ಕೈಯಿಂದ ತಿರುಗಿಸುವ ಫ್ರೀ ವೀಲ್ ಹಬ್ ಹಾಕಿಸಿಕೊಂಡರೆ, ಅವನ್ನು ಫ್ರೀ ಇಟ್ಟು, ಗಾಡಿ ನಿಲ್ಲಿಸಿ, ಟ್ರಾನ್ಸ್‌ಫರ್ ಲಿವರ್ 4ಎಲ್‌ಗೆ (ಫೋರ್ ವೀಲ್ ಲೋ) ಹಾಕಬಹುದು. ಆಗ ಎಳೆಯುವುದು ಹಿಂದಿನ ಗಾಲಿಗಳು ಮಾತ್ರ, ಗೇರ್ ಅನುಪಾತ ಮಾತ್ರ 1.409ರಿಂದ 2.268ಕ್ಕೆ ಏರುತ್ತದೆ. ಡಾಂಬರಿನ ಮೇಲೆ ಮುಂದಿನ-ಹಿಂದಿನ ಆಕ್ಸಲ್ ಒಂದಕ್ಕೊಂದು ಜಗ್ಗಾಡುವ ತೊಂದರೆಯೂ ಇಲ್ಲ. ಲೇಹ್ ದಾರಿಯ ಗಾಟಾ ಲೂಪ್ಸ್ ಏರಿನ 21 ತಿರುವುಗಳನ್ನು ಹೀಗೆ ಎರಡು-ಮೂರನೇ ಗೇರಿನಲ್ಲಿ ಕ್ಲಚ್ ಸುಡದೆ ಸರಾಗವಾಗಿ ಹತ್ತಬಹುದು. ಇಡೀ ಭಾರ ಹಿಂದಿನ ಆಕ್ಸಲ್ ಮೇಲೆ ಬೀಳುವುದರಿಂದ ಆಕ್ಸಿಲರೇಟರ್ ಹಗುರವಾಗಿ ಒತ್ತಬೇಕು, ಕಲ್ಲು-ಕೆಸರು ಬಂದರೆ ಇಳಿದು ಹಬ್ ಲಾಕ್ ಮಾಡಬೇಕು. ಆ ಎತ್ತರದಲ್ಲಿ ಎಂಜಿನ್ ಏದುಸಿರು ಬಿಡದೆ, ಒಂದೇ ಲಯದಲ್ಲಿ ಹತ್ತುವ ಸುಖಕ್ಕೆ ಮುಂದಿನ ಆಕ್ಸಲ್ ಮೇಲಿನ ಸಿಟ್ಟು ಅರ್ಧ ಕರಗಿತು.

ಇಳಿಯುವಾಗ ಬ್ರೇಕ್ ಪೆಡಲ್ ಗಟ್ಟಿ ಅನ್ನಿಸಿದರೆ ಗಾಬರಿ ಬೇಡ. ಬೂಸ್ಟರ್ ಕೆಲಸ ಮಾಡುವುದು ಹೊರಗಿನ ಗಾಳಿಯ ಒತ್ತಡದಿಂದ. ಅದೇ ಅರ್ಧವಾದಾಗ ಅದರ ನೆರವೂ ಅಷ್ಟೇ ಇಳಿಯುತ್ತದೆ. ಎರಡನೇ ಗೇರಿನಲ್ಲಿ ಎಂಜಿನ್ ಬ್ರೇಕ್ ಮೇಲೆ ಇಳಿಯಿರಿ.

ಪೆಟ್ರೋಲ್ ಲೆಕ್ಕ ಸರಳ. ಮನಾಲಿ ಕಡೆಯ ತಾಂಡಿ ಬಂಕ್ ದಾಟಿದರೆ ಲೇಹ್ ಹತ್ತಿರದ ಕಾರೂ ತನಕ ಮುನ್ನೂರಕ್ಕೂ ಹೆಚ್ಚು ಕಿ.ಮೀ. ಟ್ಯಾಂಕ್ 40 ಲೀಟರ್, ಸಾಮಾನು ಹೇರಿದ ಗಾಡಿ ಘಟ್ಟದಲ್ಲಿ ಕೊಡುವುದು ಲೀಟರಿಗೆ 9 ಕಿ.ಮೀ. ಹತ್ತಿರ. 20 ಲೀಟರಿನ ಕಬ್ಬಿಣದ ಜೆರ್ರಿ ಕ್ಯಾನ್ ಇರಲೇಬೇಕು. ಬಾಯಿತನಕ ತುಂಬಬೇಡಿ, ಮೇಲೆ ಹೋದ ಮೇಲೆ ಮುಚ್ಚಳವನ್ನು ನಿಧಾನ ಸಡಿಲಿಸಿ.

ಬೆಳಗಿನ ಸುತ್ತು ಈ ಗಾಡಿಯ ಜೊತೆ ಬರುವ ಕೆಲಸ, ಈಗ ನನಗೆ ಅದೇ ಇಷ್ಟ. ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ನೋಡುವುದು. ಆಮೇಲೆ ಕೆಳಗೆ ತೂರಿ, ಪಾಟಾದ (ಲೀಫ್ ಸ್ಪ್ರಿಂಗಿನ) ಯು-ಬೋಲ್ಟ್, ಶ್ಯಾಕಲ್, ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್, ಟ್ರಾನ್ಸ್‌ಫರ್ ಕೇಸಿನ ಮೂರು ರಬ್ಬರ್ ಮೌಂಟ್‌ಗಳ ಮೇಲೆ ಟಾರ್ಚ್ ಬಿಡುವುದು. ಪ್ರತಿ ನಟ್‌ನಿಂದ ಬೋಲ್ಟಿಗೆ ಹಳದಿ ಪೇಂಟ್ ಪೆನ್ನಿನಲ್ಲಿ ಗೆರೆ ಎಳೆದಿಟ್ಟರೆ ಪಾನಾ ಹಚ್ಚುವ ಅಗತ್ಯವೇ ಇಲ್ಲ, ಗೆರೆ ಮುರಿದಿದ್ದರೆ ನಟ್ ತಿರುಗಿದೆ ಎಂದರ್ಥ. ಸ್ಪಿತಿ ರಸ್ತೆಯ ಬಟಾಲ್ ಕಡೆಯಂಥ ಕಲ್ಲುದಾರಿಯ ಮರುದಿನ ಯು-ಬೋಲ್ಟ್ ಗೆರೆ ಮುರಿದೇ ಇರುತ್ತದೆ. ಹವಾ ನೋಡುವುದೂ ಬೆಳಗ್ಗೆಯೇ. ವಿಜಯಪುರದ 35 ಡಿಗ್ರಿಯಲ್ಲಿ 26 ಪಿಎಸ್‌ಐ ಹಾಕಿದ ಟೈರ್ 5,300 ಮೀಟರ್ ಮೇಲೆ, 5 ಡಿಗ್ರಿ ಚಳಿಯಲ್ಲಿ ಸುಮಾರು 28 ತೋರಿಸುತ್ತದೆ. ಎತ್ತರಕ್ಕೆ 6ರಷ್ಟು ಏರಿ, ಚಳಿಗೆ 4ರಷ್ಟು ಇಳಿಯುವ ಲೆಕ್ಕ ಇದು. ಸಂಜೆ ಗಾಡಿ ನಿಲ್ಲಿಸಿದ ಕೂಡಲೇ ನಾಲ್ಕೂ ಹಬ್ ಮೇಲೆ ಅಂಗೈ ಇಟ್ಟು ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬೇರಿಂಗ್ ಬಿಗಿ ಅಥವಾ ಬ್ರೇಕ್ ಹಿಡಿದಿದೆ.

ಒಂದು ಸಣ್ಣ ಆಕ್ಷೇಪ: ಗ್ಯಾರೇಜಿನವರು ಹೀಟರ್ ಪೈಪ್ ಮುಚ್ಚಿ ಕೊಟ್ಟಿದ್ದರು. ವಿಜಯಪುರದಲ್ಲಿ ಹೀಟರ್ ಏಕೆ ಎಂಬ ಮಾತು ಸರಿಯೇ, ಆದರೆ ಲೇಹ್ ದಾರಿಯ ತಂಗುದಾಣ ಸರ್ಚುವಿನ ಬೆಳಗಿನಲ್ಲಿ ಗಾಜಿನ ಒಳಗಿನ ಮಂಜು ಒರೆಸುತ್ತ ಓಡಿಸುವುದು ಅಪಾಯ.

ಯಾರು ಕೊಳ್ಳಬೇಕು? ಪಾಟಾ ಗಡುಸು, ಹಿಂದಿನ ಅಡ್ಡ ಸೀಟಿನಲ್ಲಿ ವಯಸ್ಸಾದವರನ್ನು ಕೂರಿಸಿ ಇಷ್ಟು ದೂರ ಹೋಗುವ ಮಾತೇ ಬೇಡ. ಕೈಯಲ್ಲಿ ಹಣವಿದ್ದರೆ ಕಾಯಿಲ್ ಸ್ಪ್ರಿಂಗಿನ ಜಿಮ್ನಿ ಸುಖ. ಇಬ್ಬರು ಹೋಗುವವರಾದರೆ, ತಾವೇ ಪಾನಾ ಹಿಡಿಯುವವರಾದರೆ, ರೀಬಿಲ್ಡ್ ಜಿಪ್ಸಿಯನ್ನು ಧೈರ್ಯವಾಗಿ ತೆಗೆದುಕೊಳ್ಳಿ. ಬಜೆಟ್ ಬೇರಿಂಗ್, ರಬ್ಬರ್, ಬ್ರೇಕ್ ಪೈಪ್‌ಗಳಿಂದ ಶುರುವಾಗಲಿ, ಪೇಂಟ್ ಕೊನೆಗೆ. ಹಿಂದಿನ ಜಾಗದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿಗೆ ಬೇಕಾದಷ್ಟು ಅವಕಾಶವಿದೆ. ಕುಕ್ಕರ್ ಇಲ್ಲದೆ ಅನ್ನ ಬೇಯದ ಎತ್ತರದಲ್ಲಿ ಅದೇ ಊಟ.

ರಸ್ತೆಗೆ ಅಡ್ಡ ಹರಿಯುವ ನಾಲಾಗಳನ್ನು (ಹಿಮದ ಹಳ್ಳಗಳನ್ನು) ಬೆಳಗ್ಗೆಯೇ ದಾಟಿ, ಮಧ್ಯಾಹ್ನ ಹಿಮ ಕರಗಿ ನೀರು ಏರುತ್ತದೆ. ಊರಿಗೆ ಮರಳಿದ ವಾರದಲ್ಲೇ ಎರಡೂ ಡಿಫರೆನ್ಷಿಯಲ್ ಡ್ರೇನ್ ಬೋಲ್ಟ್ ಬಿಚ್ಚಿ ನೋಡಿ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿದೆ. ಎಣ್ಣೆ ಬದಲಿಸಿ, ಡಿಫರೆನ್ಷಿಯಲ್ ಗಾಳಿಯಾಡುವ ಬ್ರೀದರ್‌ಗೆ ಪೈಪ್ ಸೇರಿಸಿ ಬಾನೆಟ್ ಎತ್ತರದ ತನಕ ಎಳೆದು ಕಟ್ಟಿ.