ಬೆಳಗಾವಿಯಲ್ಲಿ ಆಂಕೊಟೈಪ್ ಟೆಸ್ಟ್ ಮಾಡಿಸಿದ್ವಿ: 5ಕ್ಕೆ 4 ಸ್ಟಾರ್

ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ, ಕೀಮೋ ಬೇಕೋ ಬೇಡವೋ ಗೊತ್ತಾಗುತ್ತಿಲ್ಲ ಅನ್ನುವವರು ಇದನ್ನು ಓದಿ. ಗೋಕಾಕದಲ್ಲಿರುವ ನಮ್ಮ ಅಕ್ಕನಿಗೆ 58 ವರ್ಷ. ಟಿಳಕವಾಡಿಯ ಒಂದು ಕ್ಯಾನ್ಸರ್ ಕ್ಲಿನಿಕ್ ಮೂಲಕ ಆಂಕೊಟೈಪ್ ಡಿಎಕ್ಸ್ ಅನ್ನುವ ಜೀನ್ ಟೆಸ್ಟ್ ಮಾಡಿಸಿದೆವು. ದುಡ್ಡು ಲಕ್ಷಗಟ್ಟಲೆ ಹೋಯಿತು. ಆದರೂ ಬೇಜಾರಿಲ್ಲ.

ಮತ್ತೆ ಸೂಜಿ ಚುಚ್ಚುವುದೇನೂ ಇಲ್ಲ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಇಟ್ಟಿರುತ್ತಾರಲ್ವಾ, ಅದೇ ಬ್ಲಾಕ್ ಅಮೆರಿಕದ ಲ್ಯಾಬ್‌ಗೆ ಹೋಗುತ್ತದೆ. ಅಲ್ಲಿ 21 ಜೀನ್‌ಗಳು ಎಷ್ಟು ಜೋರಾಗಿ ಕೆಲಸ ಮಾಡುತ್ತಿವೆ ಅಂತ ಅಳೆದು 0ಯಿಂದ 100ರೊಳಗೆ ಒಂದು ಸ್ಕೋರ್ ಕೊಡುತ್ತಾರೆ. ಕಾಯಿಲೆ ಮರಳಿ ಬರುವ ಅಪಾಯ ಎಷ್ಟು, ಕೀಮೋದಿಂದ ಲಾಭ ಇದೆಯಾ ಅನ್ನುವುದು ಅದರಿಂದ ತಿಳಿಯುತ್ತದೆ. ಹಾರ್ಮೋನ್ ಪಾಸಿಟಿವ್ (ಗಡ್ಡೆ ಹಾರ್ಮೋನ್‌ನಿಂದ ಬೆಳೆಯುವಂಥದ್ದು), ಹರ್-2 ನೆಗೆಟಿವ್ (ಹರ್-2 ಅನ್ನುವ ಪ್ರೋಟೀನ್ ಹೆಚ್ಚಿಲ್ಲದ್ದು) ಇದ್ದವರಿಗೆ ಮಾತ್ರ ಈ ಟೆಸ್ಟ್. ಟ್ರಿಪಲ್ ನೆಗೆಟಿವ್, ಅಂದರೆ ಹಾರ್ಮೋನ್‌ದೂ ಹರ್-2ದೂ ಎಲ್ಲ ನೆಗೆಟಿವ್ ಇದ್ದವರು ಸುಮ್ನೆ ದುಡ್ಡು ಕಳೆಯಬೇಡಿ.

ಈ ಕ್ಲಿನಿಕ್ ನನಗೆ ಹಿಡಿಸಿದ್ದು ಬ್ಲಾಕ್ ವಿಷಯದಲ್ಲಿ. ಆಪರೇಷನ್ ಮಾಡಿದ ದವಾಖಾನೆಯವರು ಅದನ್ನು ಕೊಡಲು ಓಡಾಡಿಸಿದ್ದಲ್ಲದೆ, ಕೊನೆಗೆ ಕೊಟ್ಟದ್ದೂ ತಪ್ಪು ಬ್ಲಾಕ್. ಕ್ಲಿನಿಕ್‌ನ ಹುಡುಗಿ ಆ ಪುಟ್ಟ ಪ್ಲಾಸ್ಟಿಕ್ ಡಬ್ಬಿಯ ಅಂಚಿನಲ್ಲಿದ್ದ ನಂಬರನ್ನು ಬಯಾಪ್ಸಿ ರಿಪೋರ್ಟ್ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ, ಇದು ಕಂಕುಳ ಗಂಟಿನದು (ಲಿಂಫ್ ನೋಡ್), ಗಡ್ಡೆಯದಲ್ಲ ಅಂತ ಹಿಡಿದಳು. ಆ ಗಂಟಿನಲ್ಲಿ ಕ್ಯಾನ್ಸರೇ ಇರಲಿಲ್ಲ! ಅದನ್ನೇ ಕಳಿಸಿದ್ದರೆ ಅಷ್ಟೂ ದಿನ ವ್ಯರ್ಥ.

ಸ್ಕೋರ್ 17 ಬಂತು. ಡಾಕ್ಟರ್ ಅವಸರ ಮಾಡದೆ ಕೂತು ವಿವರಿಸಿದರು. 10,000ಕ್ಕೂ ಹೆಚ್ಚು ಹೆಂಗಸರು ಸೇರಿದ್ದ ಟೈಲರ್‌ಎಕ್ಸ್ ಅಧ್ಯಯನ 2018ರಲ್ಲಿ ಹೊರಬಂತು. ಕಂಕುಳ ಗಂಟಿಗೆ ಹರಡದೆ ಸ್ಕೋರ್ 11ರಿಂದ 25ರೊಳಗಿದ್ದರೆ, 50 ದಾಟಿದವರಿಗೆ ಹಾರ್ಮೋನ್ ತಡೆಯುವ ಗುಳಿಗೆ ಸಾಕು, ಕೀಮೋ ಸೇರಿಸಿದರೂ ಜಾಸ್ತಿ ಲಾಭ ಇಲ್ಲ ಅಂತ ಅದರಲ್ಲಿ ಗೊತ್ತಾಯಿತಂತೆ. 50ರೊಳಗಿನವರಿಗೆ ಮಾತ್ರ ಸ್ಕೋರ್ 16 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೀಮೋದಿಂದ ಸ್ವಲ್ಪ ಉಪಯೋಗ ಕಂಡಿದೆ. ಅಂದರೆ ಇದೇ 17 ನನಗೆ ಬಂದಿದ್ದರೆ ಮಾತು ಬೇರೆ ಇರುತ್ತಿತ್ತೇನೋ, ನನಗಿನ್ನೂ 44. ನಂಬರ್ ಒಂದನ್ನೇ ನೋಡಿ ಪಕ್ಕದ ಮನೆಯವರ ಜೊತೆ ಹೋಲಿಸಬೇಡಿ. ಒಂದರಿಂದ ಮೂರು ಗಂಟಿಗೆ ಹರಡಿದ್ದರೂ, ಮುಟ್ಟು ನಿಂತಿದ್ದು ಸ್ಕೋರ್ 25ರೊಳಗಿದ್ದರೆ ಕೀಮೋ ಬಿಡಬಹುದು ಅಂತ 2021ರ ಇನ್ನೊಂದು ಅಧ್ಯಯನ ತೋರಿಸಿದೆ.

"ಅಕ್ಕಾರ, ನಿಮಗ ಕೀಮೋ ಬ್ಯಾಡ, ದಿನಾ ಒಂದು ಗುಳಿಗಿ ತಗೋರಿ" ಅಂತ ಡಾಕ್ಟರ್ ಅಂದಾಗ ಅಕ್ಕ ಅತ್ತೇಬಿಟ್ಟಳು. ಈಗ ಲೆಟ್ರೊಜೋಲ್ ಅನ್ನುವ ಆ ಗುಳಿಗೆ ನಡೆದಿದೆ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಯಾಕೆಂದರೆ, ಬೆಂಗಳೂರಿನ ಆಂಕೊಸ್ಟೆಮ್ ಕಂಪನಿಯ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಅನ್ನುವ ಟೆಸ್ಟ್ ಇದೆ ಅಂತ ನಮಗೆ ಯಾರೂ ಹೇಳಲಿಲ್ಲ. ಅದು ಜೀನ್ ಬದಲು 5 ಪ್ರೋಟೀನ್ ನೋಡುತ್ತದೆ, ನಮ್ಮ ದೇಶದ ರೋಗಿಗಳ ಮೇಲೂ ಪರೀಕ್ಷಿಸಿದ್ದಾರೆ, ಬೆಲೆಯೂ ಎಷ್ಟೋ ಕಡಿಮೆ. ಎರಡನ್ನೂ ಮುಂದಿಟ್ಟು, ಯಾವುದರ ಹಿಂದೆ ಎಷ್ಟು ಪುರಾವೆ ಇದೆ ಅಂತ ಹೇಳಬೇಕಿತ್ತು. ಹೊಲ ಅಡ ಇಟ್ಟು ಬರುವವರೂ ಇರುತ್ತಾರೆ. ಹೋಗುವವರು ದುಡ್ಡು ಕಟ್ಟುವ ಮೊದಲೇ ಇದನ್ನು ಕೇಳಿ.